ಭಾಗ 4: ಊದಿಕೊಂಡ ಬ್ಯಾಟರಿ

ಹೋದ ಬೇಸಿಗೆ ಆವನಿ ಕೆರೆ ಬಯಲಲ್ಲಿ ಪ್ಲೇನ್ ಹಾರಿಸೋಣ ಅಂತ ನನ್ನ 2200 ಎಂಎಎಚ್ ಲಿಪೊ ಬ್ಯಾಟರಿನ ರಾತ್ರಿನೇ ಫುಲ್ ಚಾರ್ಜ್ ಮಾಡಿಟ್ಟೆ. ಬೆಳಗ್ಗೆ ಇಂಟರ್ನಲ್ಸ್ ಟೈಮ್‌ಟೇಬಲ್ ಬಂತು. ಮೂರು ವಾರ ಅದು ಹಾಗೇ ಬಿದ್ದಿತ್ತು, ಶೀಟ್ ಮನೆ ಕಾವಲ್ಲಿ, ಅಜ್ಜಿ ಮಲಗೋ ಮಂಚದ ಕೆಳಗೆ. ತೆಗೆದು ನೋಡಿದ್ರೆ ಪೂರಿ ಥರ ಊದಿದೆ! "ಏನೋ ಇದು, ಹೊಟ್ಟೆ ಬಂದೈತೆ" ಅಂತ ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ.

ಊದಿದೆ ಅಂದ್ರೆ ಒಳಗೆ ಎಲೆಕ್ಟ್ರೋಲೈಟ್ ಕೆಟ್ಟು ಗ್ಯಾಸ್ ತುಂಬಿದೆ ಅಂತ ಅರ್ಥ. ಒತ್ತಬೇಡಿ, ಚುಚ್ಚಬೇಡಿ, "ಇದೊಂದೇ ಸಲ" ಅಂತ ಮತ್ತೆ ಚಾರ್ಜಿಗೂ ಹಾಕ್ಬೇಡಿ. ನಾನು ಅದನ್ನ ಇ-ತ್ಯಾಜ್ಯ ತಗೊಳ್ಳೋರಿಗೆ ಕೊಟ್ಟೆ.

ತುಂಬಿದ ಸೆಲ್ 4.2 ವೋಲ್ಟ್. ಹಾರಿಸೋದು ಎರಡು ಮೂರು ದಿನ ತಡ ಅಂದ್ರೆ ಚಾರ್ಜರ್‌ನ ಸ್ಟೋರೇಜ್ ಮೋಡಲ್ಲಿ 3.8ಕ್ಕೆ ಇಳಿಸಿಡಿ. ಪೂರ್ತಿ ಖಾಲಿ ಮಾಡಿಯೂ ಇಡಬೇಡಿ, 3ರ ಕೆಳಗೆ ಹೋದ್ರೆ ಸೆಲ್ ಹಾಳು. ನನ್ನ ಪ್ಯಾಕ್‌ಗೆ 2.2 ಆಂಪಿಯರ್ ಸಾಕು, ಅದೇ 1ಸಿ. ಆ ಚಿಕ್ಕ ಬಿಳಿ ಕನೆಕ್ಟರನ್ನೂ ಸಿಕ್ಕಿಸಿ. (ಬಿಕಾಂನವನಿಗೆ ಬ್ಯಾಲೆನ್ಸ್ ಶೀಟ್‌ಗಿಂತ ಮೊದಲು ಬ್ಯಾಲೆನ್ಸ್ ಚಾರ್ಜ್ ಅರ್ಥವಾಯ್ತು!)

ಈಗ ಚಾರ್ಜಿಂಗ್ ಎಲ್ಲ ಅಂಗಳದ ಕಲ್ಲುಚಪ್ಪಡಿ ಮೇಲೆ, ನೆರಳಲ್ಲಿ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು, ಮುಗಿಯೋವರೆಗೂ ಎದುರಲ್ಲಿ ನಾನು. ಅಜ್ಜಿ ಮಂಚದ ಕೆಳಗೆ ಈಗ ಅವಳ ಚಪ್ಪಲಿ ಮಾತ್ರ.