ಒಂದೇ ಒಂದು ಹಾಡು

ಸಂಗೀತ ಕಛೇರಿಯ ನಡುವೆ ಎದ್ದುಹೋಗಿ, “ಆ ಮೃದಂಗವನ್ನು ಐದು ನಿಮಿಷ ಇತ್ತ ಕೊಡಿ, ನಾನೂ ನುಡಿಸುತ್ತೇನೆ” ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಆದರೆ ಬೆಂಗಳೂರಿನ ಮದುವೆಯ ಆರತಕ್ಷತೆಗಳಲ್ಲಿ ಡಿಜೆಯ ಮೇಜಿನ ಮುಂದೆ ಕೈ ನೀಡಿ ನಿಲ್ಲುವವರಿಗೆ ಬರವಿಲ್ಲ. ವರನ ಚಿಕ್ಕಪ್ಪನ ಮಗ ಬರುತ್ತಾನೆ. ವಧುವಿನ ಸೋದರಮಾವ ಬರುತ್ತಾರೆ. ಎಲ್ಲರದೂ ಒಂದೇ ಬೇಡಿಕೆ: “ಒಂದೇ ಒಂದು ಹಾಡು ನಾನು ಹಾಕುತ್ತೇನೆ.”

ಕಾರಣ ಸರಳವಾದುದು. ಮೃದಂಗದವರ ಶ್ರಮ ಬೆರಳಿನಲ್ಲಿ ಕಾಣುತ್ತದೆ. ಡಿಜೆಯ ಶ್ರಮ ಕಿವಿಯಲ್ಲಿ ಅಡಗಿರುತ್ತದೆ. ಸಭೆಗೆ ಕೇಳುವುದು ಈಗಿನ ಹಾಡು. ಅವನ ಹೆಡ್‌ಫೋನಿನಲ್ಲಿ ಮೊಳಗುತ್ತಿರುವುದು ಮುಂದಿನ ಹಾಡು. ಎರಡರ ಲಯವನ್ನೂ ಕೂಡಿಸಿ, ಬೆಸುಗೆ ಕಾಣದಂತೆ ಒಂದರೊಳಗೆ ಒಂದನ್ನು ಇಳಿಸುವುದೇ ಅವನ ವಿದ್ಯೆ. ನಿಮಿಷಕ್ಕೆ 120 ಪೆಟ್ಟುಗಳ ಹಾಡಿನ ಬೆನ್ನಿಗೆ 90ರ ಹಾಡನ್ನು ಒಮ್ಮೆಗೇ ತಗುಲಿಸಿದರೆ ಕುಣಿಯುವವರ ಕಾಲು ತಡವರಿಸುತ್ತದೆ. ಕಾಲು ತಡವರಿಸಿದವರಿಗೆ ಊಟದ ನೆನಪಾಗುತ್ತದೆ. ಬರಿದಾದ ಅಂಗಳವನ್ನು ಮತ್ತೆ ತುಂಬಿಸುವುದು ಸುಲಭವಲ್ಲ. ಹೊತ್ತೂ ಕಡಿಮೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ, ಬಯಲಿನಲ್ಲಿ ಸಾಮಾನ್ಯವಾಗಿ ರಾತ್ರಿ 10 ಗಂಟೆಗೆ ಧ್ವನಿವರ್ಧಕ ಮೌನ ತಾಳಬೇಕು.

ಹಾಗೆಂದು ಮುಖ ಮುರಿದು “ಆಗದು” ಎನ್ನುವಂತೆಯೂ ಇಲ್ಲ. ಕೇಳುವವರು ಮನೆಯವರ ಬಂಧುಗಳು. ಅದಕ್ಕಿಂತ ಮಿಗಿಲಾಗಿ, ಸಂತೋಷದಲ್ಲಿರುವವರು. ಬಲ್ಲ ಡಿಜೆ ಮೊದಲು ಅವರ ಆಸೆ ಯಾವುದೆಂದು ಅರಿತುಕೊಳ್ಳುತ್ತಾನೆ. ಹೆಚ್ಚಿನವರಿಗೆ ಬೇಕಾದದ್ದು ಯಂತ್ರವಲ್ಲ, ಮೆಚ್ಚಿನ ಹಾಡು. ಅದರ ಹೆಸರು ಕೇಳಿಟ್ಟುಕೊಂಡು ತಕ್ಕ ಹೊತ್ತಿನಲ್ಲಿ ಹಾಕಿದರೆ ಅವರು ತಣಿಯುತ್ತಾರೆ. ಕೆಲವರಿಗೆ ಬೇಕಾದದ್ದು ನಾಲ್ಕು ಜನರ ಕಣ್ಣು. ಅಂಥವರ ಕೈಗೆ ಮೈಕು ಕೊಟ್ಟು ವಧೂವರರಿಗೆ ಶುಭ ಕೋರಿಸಿದರೆ ಸಾಕು. ಪಾನೀಯದ ಲೋಟ ಹಿಡಿದು ಬಂದವರನ್ನು ಮಾತ್ರ ನಗುನಗುತ್ತಲೇ ಮೇಜಿನಿಂದ ದೂರ ನಿಲ್ಲಿಸಬೇಕು. ಒಂದು ಗುಟುಕು ಚೆಲ್ಲಿದರೂ ಮಂಟಪವೆಲ್ಲ ಮೂಕವಾದೀತು.

ಇನ್ನೊಂದು ಬಗೆಯವನು ಅಪರೂಪ. ಅವನು ಹಾಡು ಕೇಳುವುದಿಲ್ಲ. ಮೂಲೆಯಲ್ಲಿ ನಿಂತು ಡಿಜೆಯ ಕೈಗಳನ್ನೇ ನೋಡುತ್ತಿರುತ್ತಾನೆ. ಇವನನ್ನು ಬರಿಗೈಯಲ್ಲಿ ಕಳುಹಿಸಬಾರದು. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಥಿಯೋಡರ್ ಎಂಬ ಹುಡುಗನಿದ್ದ. ಅವನ ಅಣ್ಣ ಡಿಜೆ. ಅಣ್ಣನ ಜೊತೆಗಾರ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್ ಆ ಬಾಲಕನಿಗೂ ಗ್ರಾಮಫೋನ್ ತಟ್ಟೆಗಳ ಮೇಲೆ ಕೈಯಾಡಿಸಲು ಎಡೆಗೊಟ್ಟ. ತಿರುಗುವ ತಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ ನಾದ ಹೊರಡಿಸುವ ‘ಸ್ಕ್ರ್ಯಾಚ್’ ಎಂಬ ವಿದ್ಯೆಗೆ ಮುಂದೆ ಆ ಹುಡುಗನೇ ಮೂಲಪುರುಷನೆನಿಸಿದ. ಗದರಲು ಬಂದ ತಾಯಿಯ ಮಾತು ಕೇಳಿಸಿಕೊಳ್ಳಲೆಂದು ತಟ್ಟೆಯನ್ನು ಕೈಯಿಂದ ತಡೆದಾಗ ಅದು ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ.

ಆದುದರಿಂದ “ಇಲ್ಲ” ಎಂಬ ಮಾತನ್ನು ಹೊತ್ತಿಗೆ ಹೇಳಬೇಕೇ ಹೊರತು ಮನುಷ್ಯನಿಗಲ್ಲ. ಕುಣಿತ ರಂಗೇರಿದಾಗ ಮೇಜನ್ನು ಯಾರಿಗೂ ಬಿಟ್ಟುಕೊಡಲಾಗದು. ಸಂಜೆ ಜನ ಸೇರುವ ಮೊದಲು, ಇಲ್ಲವೆ ಅವರು ಊಟಕ್ಕೆ ಎದ್ದ ಮೇಲೆ, ಎರಡು ಹಾಡುಗಳ ಅವಕಾಶ ಕೊಡಬಹುದು. ಹುಡುಗನ ತಲೆಗೆ ಹೆಡ್‌ಫೋನ್ ತೊಡಿಸಿ, ಮುಂದಿನ ಹಾಡು ಎಲ್ಲಿ ಆರಂಭವಾಗಬೇಕೆಂದು ತೋರಿಸಿ, ಧ್ವನಿಯ ಗುಂಡಿಯ ಮೇಲೆ ತನ್ನ ಬೆರಳನ್ನಿಟ್ಟು ಪಕ್ಕದಲ್ಲೇ ನಿಲ್ಲಬೇಕು. ಲಯ ತಪ್ಪಿದರೆ ಕೇಳಿಸುವುದು ಪಾಯಸ ಸವಿಯುತ್ತಿರುವವರಿಗೆ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ತಪ್ಪಿದ್ದನ್ನು ಗುರುತಿಸಿ ಹುಡುಗ ತಾನಾಗಿಯೇ ನಾಲಿಗೆ ಕಚ್ಚಿಕೊಂಡರೆ, ಅವನ ಪಾಠ ಆರಂಭವಾಯಿತೆಂದೇ ತಿಳಿಯಬೇಕು.