ಕರೆಂಟಿಲ್ಲದ ಶಾಕ್ ಯಂತ್ರದ ಮುಂದೆ

ಆಕ್ರನ್ ಟೈರುಗಳ ಊರು. ಗುಡ್‌ಇಯರ್, ಫೈರ್‌ಸ್ಟೋನ್ ಹುಟ್ಟಿದ್ದು ಅಮೆರಿಕದ ಒಹಾಯೊ ರಾಜ್ಯದ ಈ ಊರಿನಲ್ಲೇ. ನನಗೆ ರಬ್ಬರಿನ ಗೊಡವೆ ಇರಲಿಲ್ಲ. ಇಲ್ಲಿನ ವಿಶ್ವವಿದ್ಯಾಲಯದ ರಾಷ್ಟ್ರೀಯ ಮನೋವಿಜ್ಞಾನ ಸಂಗ್ರಹಾಲಯದಲ್ಲಿ ಒಂದು ಪೆಟ್ಟಿಗೆಯಿದೆ, ಅದನ್ನು ಕಣ್ಣಾರೆ ನೋಡಬೇಕಿತ್ತು.

ಅಬ್ಬಾ, ಎಂಥ ಅಚ್ಚುಕಟ್ಟು! ಸಾಲಾಗಿ 30 ಸ್ವಿಚ್ಚು. 15 ವೋಲ್ಟಿನಿಂದ ಹದಿನೈದರಂತೆ ಏರುತ್ತ 450ರವರೆಗೆ. ಅವುಗಳಡಿ ‘ಸಣ್ಣ ಶಾಕ್’ ಎಂಬಲ್ಲಿಂದ ‘ಅಪಾಯ’ದವರೆಗೆ ಬರಹ. ಕೊನೆಯ ಎರಡಕ್ಕೆ ಮಾತೇ ಇಲ್ಲ, ಮೂರು ಎಕ್ಸ್ ಅಷ್ಟೆ. ಸ್ವಿಚ್ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ಗುಂಯ್‌ಗುಡುತ್ತಿತ್ತು, ಮೀಟರಿನ ಮುಳ್ಳು ಬಲಕ್ಕೆ ವಾಲುತ್ತಿತ್ತು. ಪಕ್ಕದ ಕೋಣೆಯಲ್ಲಿ ಕುರ್ಚಿಗೆ ಕಟ್ಟಿಸಿಕೊಂಡು ಕೂತವನಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಅವನದು ಬರೀ ನಟನೆ. ಯಂತ್ರದ ಮೇಲಿದ್ದ ಕಂಪನಿಯ ಹೆಸರೂ ಹುಸಿ!

1961ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಮಿಲ್‌ಗ್ರಾಂ ಹೂಡಿದ ಆಟ ಇದು. ಸ್ವಿಚ್ ಒತ್ತುವ ಪಾಲಿಗೆ ಬಂದವರಿಗೆ ನಾಲ್ಕೂವರೆ ಡಾಲರ್ ಕೂಲಿ. ನಂಬಿಕೆ ಬರಲೆಂದು ಮೊದಲು 45 ವೋಲ್ಟಿನ ರುಚಿಯನ್ನು ಅವರಿಗೇ ತೋರಿಸುತ್ತಿದ್ದರು. ಅದೊಂದೇ ನಿಜವಾದ ಶಾಕ್. ಪಕ್ಕದ ಕೋಣೆಯವನ ಉತ್ತರ ತಪ್ಪಿದಾಗಲೆಲ್ಲ ಮುಂದಿನ ಸ್ವಿಚ್ ಒತ್ತಬೇಕು. 300ಕ್ಕೆ ಗೋಡೆ ಬಡಿಯುವ ಸದ್ದು, ಆಮೇಲೆ ಉತ್ತರವೇ ಇಲ್ಲ. ಆದರೂ 40 ಮಂದಿಯಲ್ಲಿ 26 ಜನ ಬೆವರುತ್ತ, ನಡುಗುತ್ತ 450 ಮುಟ್ಟಿದರು. ಇದು ಆಕ್ರಮಣವೋ, ವಿಧೇಯತೆಯೋ? ನನಗಂತೂ ಎರಡನೆಯದೇ ಹೆಚ್ಚೆನಿಸಿತು.

ಸೋಜಿಗವೆಂದರೆ, ಅದೇ ವರ್ಷ ಮನೋವಿಜ್ಞಾನಿ ಅರ್ನಾಲ್ಡ್ ಬಸ್ ಕೂಡ ತನ್ನದೇ ‘ಆಕ್ರಮಣ ಯಂತ್ರ’ವನ್ನು ವಿವರಿಸಿದ. ಸ್ಟ್ಯಾನ್‌ಫರ್ಡಿನ ಆಲ್ಬರ್ಟ್ ಬಂಡೂರ 72 ಮಕ್ಕಳ ಪ್ರಯೋಗ ಪ್ರಕಟಿಸಿದ್ದೂ ಆಗಲೇ. ಅವನ ಹೆಸರಿನೊಂದಿಗೆ ಅಂಟಿಕೊಂಡ ಗಾಳಿ ತುಂಬಿದ ಬೋಬೋ ಗೊಂಬೆಯೂ ಇಲ್ಲಿದೆ. ದೊಡ್ಡವರು ಅದನ್ನು ಬಡಿಯುವುದನ್ನು ಕಂಡ ಮಕ್ಕಳು ತಾವೂ ಬಡಿದರು, ಅದೇ ಮಾತುಗಳನ್ನಾಡುತ್ತ. ಆದರೆ ಹೊಡೆದಷ್ಟೂ ಎದ್ದು ನಿಲ್ಲುವ ಗೊಂಬೆ ಇರುವುದೇ ಹೊಡೆಸಿಕೊಳ್ಳಲು ಎಂಬ ಆಕ್ಷೇಪ ಆಗಿನಿಂದಲೂ ಇದೆ, ತಳ್ಳಿಹಾಕುವಂಥದ್ದಲ್ಲ.

ನೋಯಿಸುವ ಮನಸ್ಸು ನಿಜವಿರಬೇಕು, ನೋವು ಹುಸಿಯಿರಬೇಕು: ಈ ಸಂಶೋಧಕರ ಕಸುಬೆಲ್ಲ ಈ ಇಕ್ಕಟ್ಟಿನಲ್ಲೇ ನಡೆಯುತ್ತದೆ. 1999ರಲ್ಲಿ ಕೆಲವರು ಯಂತ್ರ ಬಿಟ್ಟು ಖಾರದ ಸಾಸ್ ಹಿಡಿದರು. ಇನ್ನೊಬ್ಬನಿಗೆ ಎಷ್ಟು ಬಡಿಸುತ್ತೀ, ತೂಗಿದರೆ ಅಷ್ಟು ಗ್ರಾಂ ಆಕ್ರಮಣ! ಗದಗಿನ ಸಾವಜಿ ಖಾನಾವಳಿಯಲ್ಲಿ ಹೀಗೆ ತೂಗಿದರೆ ಬಡಿಸುವವರೆಲ್ಲ ಕ್ರೂರಿಗಳಾದಾರು ಎಂದು ನಗು ಬಂತು. ಸಂಶೋಧಕರು ಅದಕ್ಕೂ ದಾರಿ ಮಾಡಿಕೊಂಡಿದ್ದರು: ತಿನ್ನುವವನಿಗೆ ಖಾರ ಸೇರದು ಎಂಬ ಚೀಟಿಯನ್ನು ಬಡಿಸುವವನಿಗೆ ಮೊದಲೇ ತೋರಿಸುತ್ತಿದ್ದರು. ಆ ಸಾಸನ್ನು ಕೊನೆಗೆ ಯಾರೂ ತಿನ್ನುತ್ತಿರಲಿಲ್ಲ ಎನ್ನುವುದು ಬೇರೆ ಮಾತು.