ಅವರ ಮಾತು ಎತ್ತಿ

ನಮ್ಮ ಯಜಮಾನರು ಹೋದ ಮೇಲೆ ಮನೆಗೆ ಬಂದವರೆಲ್ಲ ಮಳೆ, ಕಾಫಿ ರೇಟು, ಮೊಮ್ಮಗಳ ಪರೀಕ್ಷೆ ಎಲ್ಲ ಮಾತಾಡುವರು. ಅವರ ವಿಷಯ ಮಾತ್ರ ಎತ್ತರು. ನಾನು ಅತ್ತುಬಿಡುತ್ತೇನೆಂಬ ಭಯ. ಅತ್ತರೆ ಅಳುತ್ತೇನೆ, ಬಿಡಿ. ಜೊತೆಗೆ ಬಾಳಿದವರ ಸುದ್ದಿಯೇ ಮನೆಯಲ್ಲಿ ಕೇಳಿಸದಿದ್ದರೆ ಅದಕ್ಕಿಂತ ಸಂಕಟ ಬೇರೆ ಇಲ್ಲ.

ಅವರು ಸ್ಟೇಷನ್ ಮಾಸ್ಟರು. 1979ರಲ್ಲಿ ಬಂದ ಹಾಸನ–ಮಂಗಳೂರು ಲೈನು ನಮ್ಮ ಮದುವೆಯ ಹೊತ್ತಿಗೆ ಇನ್ನೂ ಹೊಸದು. ನಾನಿದ್ದದ್ದು ಸಕಲೇಶಪುರದ ಕ್ವಾರ್ಟರ್ಸಿನಲ್ಲಿ, ಅವರ ಡ್ಯೂಟಿ ಘಾಟಿಯೊಳಗಿನ ಎಡಕುಮೇರಿಯಲ್ಲಿ. ಅಲ್ಲಿಗೆ ರಸ್ತೆಯೇ ಇಲ್ಲ. ಅಕ್ಕಿ, ಸೀಮೆಎಣ್ಣೆ, ಬೆಂಕಿಪೊಟ್ಟಣ ಎಲ್ಲ ರೈಲಿನಲ್ಲೇ ಹೋಗಬೇಕು. ನಾನು ಅಕ್ಕಿರೊಟ್ಟಿ, ಮಳೆಗಾಲವಾದರೆ ಕಳಲೆ ಪಲ್ಯ ಕಟ್ಟಿ ಗಾರ್ಡ್ ಕೈಯಲ್ಲಿ ಕಳಿಸುತ್ತಿದ್ದೆ. ಬುತ್ತಿಯ ಚೀಲ ಬರಿದಾಗಿ ಮರಳಿದ್ದೇ ಇಲ್ಲ. ಒಮ್ಮೆ ಉಪ್ಪಾಗೆ ಹುಳಿ, ಒಮ್ಮೆ ಗಾಳಿಗೆ ಮುರಿದುಬಿದ್ದ ಕೊಂಬೆಯ ಸೀತಾಳೆದಂಡೆ. ಬಾಡಿರುತ್ತಿತ್ತು, ಆದರೂ ಮುಡಿಯುತ್ತಿದ್ದೆ.

ಗುಡ್ಡ ಕುಸಿದು ರೈಲು ನಿಂತರೆ ದಿನಗಟ್ಟಲೆ ಅವರ ಮುಖ ಕಾಣುತ್ತಿರಲಿಲ್ಲ. ಆಗ ಸ್ಟೇಷನ್ನಿನವರು ರೈಲ್ವೆ ಫೋನಿನಲ್ಲಿ ವಿಚಾರಿಸಿ, “ಅಮ್ಮಾ, ಸಾರ್ ಚೆನ್ನಾಗಿದ್ದಾರಂತೆ, ಉಪ್ಪಿನಕಾಯಿ ಖಾಲಿಯಂತೆ” ಎಂದು ಹೇಳಿಕಳಿಸುವರು. ಉಪ್ಪಿನಕಾಯಿ ಖಾಲಿ ಅಂದರೆ ನನ್ನ ನೆನಪಾಗಿದೆ ಎಂದೇ ನಾನು ತಿಳಿಯುತ್ತಿದ್ದೆ.

1996ರಲ್ಲಿ ಬ್ರಾಡ್‌ಗೇಜ್ ಕೆಲಸಕ್ಕೆಂದು ಘಾಟಿ ಲೈನು ನಿಂತಿತು, ನಾವು ಹಾಸನಕ್ಕೆ ಬಂದೆವು. ಪ್ರಯಾಣಿಕರ ರೈಲು ಮತ್ತೆ ಶುರುವಾದದ್ದು 2007ರಲ್ಲಿ. ಹಗಲು ರೈಲು ಬಂದ ಮೇಲೆ ಇಬ್ಬರೂ ಸುಬ್ರಹ್ಮಣ್ಯಕ್ಕೆ ಹೋದೆವು. ದಾರಿಯಲ್ಲಿ 57 ಸುರಂಗ. ಯಾವ ಸುರಂಗ ಮುಗಿದರೆ ಯಾವ ಹಳ್ಳ ಎಂದು ಅವರು ಮೊದಲೇ ಹೇಳುವರು, ಅದು ಬರುವುದು. ಎದುರು ಸೀಟಿನ ಮಕ್ಕಳು ಚಪ್ಪಾಳೆ ತಟ್ಟಿದವು. ಅವರ ಮುಖದಲ್ಲಿ ಅಂಥ ಹಿಗ್ಗನ್ನು ಮಗಳ ಮದುವೆಯಲ್ಲೂ ನಾನು ಕಂಡಿರಲಿಲ್ಲ.

ಹೂವು ಕುಂಕುಮದ ವಿಷಯದಲ್ಲಿ ನೆಂಟರು ಬಾಯಿ ತೆರೆಯುವ ಮೊದಲೇ ಮಗಳು ಅಡ್ಡ ನಿಂತಳು, ಅದಕ್ಕೆ ತೊಂದರೆಯಾಗಲಿಲ್ಲ. ಕಷ್ಟವಾದದ್ದು ನವೆಂಬರ್. ಪ್ರತಿ ವರ್ಷ ಬ್ಯಾಂಕಿಗೆ ಹೋಗಿ ತಾನು ಬದುಕಿದ್ದೇನೆಂದು ಬರೆದುಕೊಟ್ಟು ಬರುತ್ತಿದ್ದವರು ಅವರು. ಈಗ ಕುಟುಂಬ ಪಿಂಚಣಿಗೆ ನಾನು ಕೊಡಬೇಕು. ಕಾಗದಗಳ ಜೊತೆ ನಮ್ಮಿಬ್ಬರ ಜಂಟಿ ಫೋಟೋ ಇತ್ತು, ರಿಟೈರ್ ಆಗುವಾಗ ತೆಗೆಸಿದ್ದು. ಸಹಿ ಮಾಡುವಾಗ ಕೈ ನಡುಗಿತು. ಮರುವರ್ಷ ಅಷ್ಟು ನಡುಗಲಿಲ್ಲ.

ಮೊನ್ನೆ ಅವರ ಜೊತೆ ಪಾಯಿಂಟ್ಸ್‌ಮನ್ ಆಗಿದ್ದವರು ಬಂದಿದ್ದರು. ಕೂತ ಕೂಡಲೇ ಅವರ ಮಾತು ಎತ್ತಿದರು. “ರಾತ್ರಿ ಪಾಳಿಯಲ್ಲಿ ಆನೆ ಹತ್ತಿರ ಬರದಿರಲಿ ಅಂತ ಸಾರ್ ಗಟ್ಟಿಯಾಗಿ ರಾಜ್‌ಕುಮಾರ್ ಹಾಡು ಹೇಳೋರು ಅಮ್ಮಾ.” ಮನೆಯಲ್ಲಿ ಒಂದು ಸಾಲು ಗುನುಗಿದವರಲ್ಲ! ನಕ್ಕೆ, ಅತ್ತೆ, ಹೊಟ್ಟೆ ತುಂಬ ಊಟ ಬಡಿಸಿದೆ. ಎಡಕುಮೇರಿಯಲ್ಲಿದ್ದವರು ಈ ಕಡೆ ಇನ್ಯಾರಾದರೂ ಇದ್ದರೆ ಕರೆತನ್ನಿ ಎಂದೆ. ಇಬ್ಬರಿದ್ದಾರಂತೆ, ಭಾನುವಾರ ಬರುತ್ತಾರೆ.